ದ್ಯಾಮಣ್ಣನ ನೋವು ಯಾವ ಬೀದಿಗೆ

ದ್ಯಾಮಣ್ಣ ಯುದ್ಧದಿಂದ ಹಿಂದಿರುಗಿದ್ದು ನನ್ನ ಗಂಡ ಸತ್ತ ಸುದ್ದಿ ಬಂದ ಏಳನೆಯ ತಿಂಗಳಲ್ಲಿ. ಗಡಿಹಳ್ಳದ ಆಚೆ ಯಾರೋ ಅವನನ್ನು ಗಾಡಿಯಿಂದ ಇಳಿಸಿ ಹೋಗಿದ್ದರು. ಅವನು ಕೋಲೂರಿಕೊಂಡು ಹಳ್ಳ ದಾಟಿ, ಈಚೆ ದಡದ ಕಲ್ಲಿನ ಮೇಲೆ ಕೂತು, ಯಾರಾದರೂ ಒಂದು ತುತ್ತು ಕೊಡುವವರೆಗೆ ಕಾದ. ಮೊದಲು ಕೊಟ್ಟವಳು ಬಟ್ಟೆ ಒಗೆಯಲು ಬಂದಿದ್ದ ಹೆಂಗಸು. ತನ್ನ ಬುತ್ತಿಯಲ್ಲಿ ಅವನಿಗೆ ಅರ್ಧ ಕೊಟ್ಟು ಅರ್ಧ ತಾನು ಉಂಡಳು. ಕೈ ತೊಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕೂತುಬಿಟ್ಟಳಂತೆ. ಅವನು ಎದ್ದು ಊರೊಳಗೆ ನಡೆದು ಬಂದನಂತೆ.

ನಮ್ಮ ಊರಿನಲ್ಲಿ ಹಾಗೆಯೇ. ಕಾಯಿಲೆಯವನಿಗೆ ಉಣಿಸಿದ ಮನೆಗೆ ಅವನ ನೋವು ಹೋಗುತ್ತದೆ, ಅವನ ಮುಂದಿನ ಊಟದವರೆಗೆ. ಮನೆಯಲ್ಲಿ ಎಂಟು ಜನ ಇದ್ದರೆ ಎಂಟು ಪಾಲು. ಗಾಯ ಅವನಲ್ಲೇ ಉಳಿಯುತ್ತದೆ, ಜ್ವರವೂ ಉಳಿಯುತ್ತದೆ. ನೋವೊಂದು ಹೋಗುತ್ತದೆ. ಬಾಣಂತಿಯರಿಗೆ, ಹಲ್ಲುನೋವಿನವರಿಗೆ, ಮುದುಕರಿಗೆ ಊರು ಹೀಗೆ ಸರದಿಯ ಮೇಲೆ ಉಣಿಸಿಕೊಂಡೇ ಬಂದಿದೆ. ಯಾರೂ ಅದನ್ನು ದೊಡ್ಡ ಮಾತು ಎಂದುಕೊಂಡಿಲ್ಲ.

ಹಳ್ಳದ ಆಚೆ ಇದು ನಡೆಯುವುದಿಲ್ಲ. ನಗರದಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದಾಗ ನನ್ನ ಕೋಣೆಯ ಹುಡುಗಿಗೆ ಒಮ್ಮೆ ಹೊಟ್ಟೆನೋವು ಬಂತು. ಗಂಜಿ ಮಾಡಿ ಕೊಟ್ಟೆ. ನಾನೂ ಕುಡಿದೆ. ಗೋಡೆಗೊರಗಿ ಕಾದು ಕೂತೆ. ನನಗೆ ಏನೂ ಆಗಲಿಲ್ಲ. ಅವಳು ನರಳುತ್ತಲೇ ಇದ್ದಳು. ನನ್ನ ಗಂಡ ಸತ್ತದ್ದೂ ಹಳ್ಳದ ಆಚೆಯೇ, ದಂಡಿನ ಆಸ್ಪತ್ರೆಯಲ್ಲಿ. ಒಂಬತ್ತು ದಿನ ಮಲಗಿದ್ದ ಎಂದು ಪತ್ರದಲ್ಲಿತ್ತು. ಪತ್ರ ಓದಿ, ಮಡಚಿ, ಆ ದಿನವೂ ಶಾಲೆಗೆ ಹೋಗಿ ಪಾಠ ಮಾಡಿದೆ. ಆಮೇಲೆ ಜನ ಬಂದರು, ಕೂತರು, ಹೋದರು. ನಾನು ಅಳಲಿಲ್ಲ. ಅಳಬಾರದು ಎಂದೇನೂ ಅಲ್ಲ. ಬರಲಿಲ್ಲ.

ದ್ಯಾಮಣ್ಣ ಹೆಂಚು ಹೊದಿಸುವವನು. ಹುಟ್ಟಿದ್ದು ಕೋಟೆ ಬೀದಿಯಲ್ಲಿ. ಹೆಂಡತಿ ಮಕ್ಕಳಿಲ್ಲ. ಯುದ್ಧದ ಅಪ್ಪಣೆ ಬಂದು ಬೀದಿಗೆ ಆರು ಜನ ಹೋಗಬೇಕಾದಾಗ, ನಮ್ಮ ಬಾವಿ ಬೀದಿಯಲ್ಲಿ ಆರನೆಯವನ ಚೀಟಿ ಪಕ್ಕದ ಮನೆಯ ಹಾಲಮ್ಮನ ಮಗ ಮರುಳಪ್ಪನ ಹೆಸರಿಗೆ ಎದ್ದಿತ್ತು. ಹಾಲಮ್ಮ ಗಾಣದವಳು, ಗಂಡನಿಲ್ಲದವಳು, ಇರುವವನು ಒಬ್ಬನೇ ಮಗ. ದ್ಯಾಮಣ್ಣ ಆ ದಿನ ಅವರ ಮನೆಯ ಮಾಡಿನ ಮೇಲಿದ್ದ. ಹಾಲಮ್ಮ ಏಣಿಯ ಬುಡದಲ್ಲಿ ನಿಂತು ಗೋಳಾಡಿದಳು. ಅವನು ಕೆಳಗಿಳಿದು ಬಂದು, “ಅಳಬೇಡ ಹಾಲಕ್ಕ, ನಾನು ಹೋಗ್ತೀನಿ. ನನಗೇನು, ಅಲ್ಲೂ ಮಾಡು ಇರುತ್ತೆ,” ಅಂದನಂತೆ. ಹಿಂದಿರುಗಿದರೆ ನೋಡಿಕೊಳ್ಳುತ್ತೇವೆ ಎಂದು ಆ ಹೊತ್ತು ಯಾರೋ ಮಾತು ಕೊಟ್ಟರು. ಯಾರು ಎಂಬುದು ಈಗ ಯಾರಿಗೂ ನೆನಪಿಲ್ಲ.

ಹಿಂದಿರುಗಿದವನ ಎಡ ಸೊಂಟದಲ್ಲಿ ಗುಂಡಿನ ಚೂರು ಉಳಿದಿತ್ತು. ಗಾಯ ಒಣಗುತ್ತಿರಲಿಲ್ಲ. ಊರು ಕಂಡಿದ್ದ ನೋವುಗಳಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಎಂಟು ಪಾಲಾದರೂ ಮನೆಯವರು ಗೋಡೆ ಹಿಡಿದು ನಡೆಯುತ್ತಿದ್ದರು. ಹೆರಿಗೆಯ ನೋವು ಒಂದು ದಿನದ್ದು, ಹಲ್ಲಿನದು ಒಂದು ವಾರದ್ದು. ಇದಕ್ಕೆ ಕೊನೆ ಇರಲಿಲ್ಲ. ಒಬ್ಬಳೇ ಇರುವವಳೆಂದು ನನ್ನ ಮನೆಯನ್ನು ಸರದಿಯಿಂದ ಬಿಟ್ಟಿದ್ದರು. ಎರಡು ಸುತ್ತು ಸರದಿ ಮುಗಿಯುವಷ್ಟರಲ್ಲಿ ಜನ ಅವನು ಬರುವ ದಿನ ನೆಂಟರ ಮನೆಗೆ ಹೊರಡತೊಡಗಿದರು. ಮೂರನೆಯ ಸುತ್ತಿಗೆ ಚಾವಡಿಯಲ್ಲಿ ಸಭೆ ಸೇರಿತು.

ಕೋಟೆ ಬೀದಿಯ ಯಜಮಾನ ರಾಚೋಟಪ್ಪ ಮೊದಲು ಎದ್ದರು. “ಅವನು ಹೋದದ್ದು ಬಾವಿ ಬೀದಿಯ ಆಳಾಗಿ. ಗುಂಡು ತಿಂದದ್ದು ಬಾವಿ ಬೀದಿಯ ಪರವಾಗಿ. ಉಣಿಸುವವರು ಅವರೇ.”

ನಮ್ಮ ಬೀದಿಯ ಯಜಮಾನ ಚನ್ನವೀರಪ್ಪ ಕೂತಲ್ಲಿಂದಲೇ ಹೇಳಿದರು: “ಹೊಕ್ಕುಳಬಳ್ಳಿ ಹೂತದ್ದು ಎಲ್ಲಿ ರಾಚೋಟಿ? ನಿನ್ನ ಹಿತ್ತಿಲ ಗೋಡೆಯ ಪಕ್ಕ. ಗಟ್ಟಿ ಇರೋವಾಗ ನಿಮ್ಮವನು, ಕುಂಟಿದ ಮೇಲೆ ನಮ್ಮವನು. ಚೆನ್ನಾಗಿದೆ.”

“ನಿನ್ನ ಮನೆ ಹೆಂಚು ಹೊದಿಸಿದ್ದು ಅವನೇ ಕಣಯ್ಯಾ. ಮಳೆಗಾಲದಲ್ಲಿ ಒಣಗಿ ಕೂತಿರ್ತೀಯಲ್ಲ.”

“ನಿಂದು ಯಾರು ಹೊದಿಸಿದರು, ನಿಮ್ಮಪ್ಪನಾ?”

ಜನ ನಕ್ಕರು. ದ್ಯಾಮಣ್ಣ ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದ. ಅವನೂ ಸ್ವಲ್ಪ ನಕ್ಕ.

ನನ್ನನ್ನು ಕರೆಸಿದ್ದು ಅವನ ದಂಡಿನ ಕಾಗದ ಓದಲು. ಓದಿದೆ. ಹೆಸರು ದ್ಯಾಮಣ್ಣ, ತಂದೆ ಸಣ್ಣಪ್ಪ, ವಾಸ ಕೋಟೆ ಬೀದಿ. ಕೆಳಗೆ, ಬಾವಿ ಬೀದಿಯ ಆರನೆಯ ಆಳು. ಎರಡೂ ಇತ್ತು. ಎರಡನ್ನೂ ಓದಿ ಕಾಗದ ಕೆಳಗಿಟ್ಟೆ. ಇಬ್ಬರು ಯಜಮಾನರೂ ತಮ್ಮ ಮಾತೇ ಗೆದ್ದಿತು ಎಂಬಂತೆ ತಲೆಯಾಡಿಸಿದರು.

ಉಳಿದ ದಾರಿ ಒಂದೇ, ಗಾಡಿ ಕಟ್ಟಿ ಅವನನ್ನು ಹಳ್ಳದ ಆಚೆ ಬಿಟ್ಟು ಬರುವುದು. ಅಲ್ಲಿ ಅವನ ನೋವು ಅವನದು, ಯಾವ ಬೀದಿಯ ತಂಟೆಯೂ ಇಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಎಲ್ಲರೂ ಇನ್ನೊಬ್ಬರನ್ನು ಕಾಯುತ್ತಿದ್ದರು. ಆಗ ರಾಚೋಟಪ್ಪ ನನ್ನ ಕಡೆ ನೋಡಿದರು.

“ಅಂಬುಜಮ್ಮ ಇದ್ದಾಳಲ್ಲ,” ಅಂದರು, ಮೆಲ್ಲಗೆ. “ಒಬ್ಬಳೇ ಇದ್ದಾಳೆ. ತಪ್ಪು ತಿಳಿಬೇಡ ತಾಯಿ, ಗಂಡ ಹೋದಾಗಲೂ ನೀನು ಗಟ್ಟಿಯಾಗೇ ಇದ್ದೆ. ನಮಗೆ ತಟ್ಟಿದಷ್ಟು ನಿನಗೆ ತಟ್ಟಲಿಕ್ಕಿಲ್ಲ.”

“ಹೌದು ಮತ್ತೆ,” ಅಂದಳು ಹಾಲಮ್ಮ, ಹೆಂಗಸರ ಸಾಲಿನಿಂದ. “ನಾನು ಪಕ್ಕದ ಮನೆಯವಳು, ನೋಡಿದೀನಿ. ಒಂದು ಹನಿ ಹಾಕಲಿಲ್ಲ ಮಹಾತಾಯಿ. ಒಗೆಯೋ ಕಲ್ಲಿಗೆ ಪೆಟ್ಟು ಗೊತ್ತಾಗುತ್ತಾ?”

ಸಭೆಗೆ ಸಭೆಯೇ ಉಸಿರು ಬಿಟ್ಟಿತು. ಎರಡು ಬೀದಿಯವರೂ ಆ ಚಳಿಗಾಲದಲ್ಲಿ ಒಪ್ಪಿದ ಮೊದಲ ಮಾತು ಅದು. ನಾನು ಆಗಲಿ ಅಂದೆ. ಯೋಚಿಸಿ ಅಂದದ್ದಲ್ಲ. ಬೇಡ ಅನ್ನಲು ಕಾರಣ ಹುಡುಕಬೇಕಿತ್ತು, ಅದಕ್ಕೆ ಶಕ್ತಿ ಇರಲಿಲ್ಲ.

ದ್ಯಾಮಣ್ಣನಿಗೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿದೆ. ಬೆಳಿಗ್ಗೆ ಅನ್ನ ಸಾರು ಮಾಡಿ, ಅವನಿಗೆ ಬಡಿಸಿ, ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದು ಅದನ್ನೇ ಬಿಸಿ ಮಾಡಿ ಮತ್ತೆ ಬಡಿಸುತ್ತಿದ್ದೆ. ಪಾತ್ರೆಯಲ್ಲಿ ಉಳಿದದ್ದನ್ನು ಹಿತ್ತಿಲ ಬೇಲಿಯ ಮೇಲಿನಿಂದ ಹಾಲಮ್ಮನ ಎಮ್ಮೆಯ ಬಾನಿಗೆ ಸುರಿಯುತ್ತಿದ್ದೆ. ಮೊದಲ ದಿನ ಎಲ್ಲರೂ ಕೇಳಿದರು, “ಬಂತಾ?” ಬಂದಿರಬೇಕು ಅಂದೆ. ಸೊಂಟ ಒತ್ತಿ ನೋಡಿಕೊಂಡೆ. ಏನೂ ಗೊತ್ತಾಗಲಿಲ್ಲ. ನನಗೆ ಬಿಸಿ ತಂಪೂ ಗೊತ್ತಾಗದ ದಿನಗಳು ಅವು. ನೋವು ಬಂದು ಎಲ್ಲೋ ಬಿದ್ದಿದೆ, ಇತರ ಎಲ್ಲದರ ಹಾಗೆ ಅದೂ ನನ್ನನ್ನು ಮುಟ್ಟುತ್ತಿಲ್ಲ ಎಂದುಕೊಂಡೆ. ಊರೂ ಹಾಗೇ ಎಂದುಕೊಂಡಿತು.

ದ್ಯಾಮಣ್ಣ ಒಳ್ಳೆಯ ಮಾತುಗಾರ. ಸಂಜೆ ಊಟ ಮುಗಿಸಿ, ಮಲಗಿದಲ್ಲಿಂದಲೇ ಮಾಡು ನೋಡುತ್ತ ಹೇಳುತ್ತಿದ್ದ: “ಅಮ್ಮಾ, ಮೂರನೇ ಸಾಲಲ್ಲಿ ಎರಡು ಹೆಂಚು ಜಾರಿವೆ. ಯಾವ ಕೈಲಾಗದವನು ಹೊದಿಸಿದ್ದೋ.”

“ನೀವೇ ಹೊದಿಸಿದ್ದು.”

“ಅದಕ್ಕೇ ಹೆಸರು ಹೇಳಲಿಲ್ಲ.”

ಯುದ್ಧದ ಮಾತು ಅವನು ಎತ್ತಲಿಲ್ಲ. ನಾನು ಕೇಳಲಿಲ್ಲ. “ಹೇಗಿದೆ?” ಎಂದು ಕೇಳಿದರೆ, “ನಿಮ್ಮ ಪುಣ್ಯ, ಹೂವಿನ ಹಾಗೆ ಇದೀನಿ,” ಅನ್ನುತ್ತಿದ್ದ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಗೊರಕೆ ನನ್ನ ಕೋಣೆಗೆ ಕೇಳುತ್ತಿತ್ತು.

ಇತ್ತ ಹಾಲಮ್ಮ ದಿನಾ ಬೇಲಿಯ ಹತ್ತಿರ ಗೊಣಗುತ್ತಿದ್ದಳು. ಎಮ್ಮೆ ಬೆಳಿಗ್ಗೆ ಏಳುತ್ತಿಲ್ಲ, ಹಿಂಗಾಲು ಊರುತ್ತಿಲ್ಲ, ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತದೆ. ಹೊತ್ತೇರಿದರೆ ಏನೂ ಆಗದ ಹಾಗೆ ಹುಲ್ಲು ತಿನ್ನುತ್ತದೆ. “ಕಳ್ಳಾಟ ಕಲಿತಿದೆ ಮುಂಡೇದು,” ಅನ್ನುತ್ತಿದ್ದಳು. “ಸಂತೆಗೆ ಹೊಡೀತೀನಿ ನೋಡ್ತಿರು.” ನಾನು ಹೂಂ ಅನ್ನುತ್ತಿದ್ದೆ.

ಹದಿನೆಂಟನೆಯ ದಿನ ಶಾಲೆಯ ಗೋಡೆ ಬಿರುಕು ಬಿಟ್ಟಿತೆಂದು ಮಕ್ಕಳನ್ನು ಬೇಗ ಕಳಿಸಿದರು. ಮಧ್ಯಾಹ್ನಕ್ಕೇ ಮನೆಗೆ ಬಂದೆ. ಬಾಗಿಲು ತೆರೆಯುವ ಮೊದಲೇ ಸದ್ದು ಕೇಳಿತು. ಕೂಗಲ್ಲ. ಕೂಗನ್ನು ಏನೋ ತುರುಕಿ ನಿಲ್ಲಿಸಿದ ಸದ್ದು. ಒಳಗೆ ದ್ಯಾಮಣ್ಣ ಚಾಪೆಯಿಂದ ಹೊರಗೆ ಉರುಳಿ, ಪಂಚೆಯ ತುದಿಯನ್ನು ಸುರುಳಿ ಮಾಡಿ ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಕೈಯಲ್ಲೂ ಕಂಬ ಹಿಡಿದಿದ್ದ. ಬಟ್ಟೆ ನೆನೆದಿತ್ತು. ಕಣ್ಣು ನನ್ನ ಕಡೆ ತಿರುಗಿತು. ಮೈ ತಿರುಗಲಿಲ್ಲ.

ಬಟ್ಟೆ ಬಾಯಿಂದ ತೆಗೆದು ನೀರು ಕುಡಿಸಿದೆ.

“ದಿನಾ ಹೀಗೆಯೇ?”

ಅವನು ಒಂದೊಂದೇ ಕೈಯನ್ನು ಕಂಬದಿಂದ ಬಿಡಿಸಿಕೊಂಡ. ಆಮೇಲೆ, “ಸಂಜೆಗೆ ತಾನಾಗೇ ಹೋಗುತ್ತೆ ಅಮ್ಮಾ. ಹಗಲು ಅಷ್ಟೇ,” ಅಂದ.

“ನನಗೆ ಬರುತ್ತಿಲ್ಲ ಹಾಗಾದರೆ.”

“ಯಾರಿಗೂ ಹೇಳಬೇಡಿ. ಇಲ್ಲಿಗೆ ಬರ್ತಿಲ್ಲ ಅಂತ ಗೊತ್ತಾದರೆ ಗಾಡಿ ಕಟ್ತಾರೆ. ಹಳ್ಳದಾಚೆ ಸಂಜೆನೂ ಬಿಡುವಿಲ್ಲ, ರಾತ್ರಿನೂ ಬಿಡುವಿಲ್ಲ. ಅರ್ಧ ದಿನ ನಾನು ತಡೀತೀನಿ. ಅಭ್ಯಾಸ ಆಗಿದೆ.”

ಹದಿನೆಂಟು ದಿನ. ನಾನು ಹೇಗಿದೆ ಎಂದು ಕೇಳಿದೆ, ಅವನು ಹೂವು ಅಂದ. ಆ ಮಾತನ್ನು ನಂಬಿ ಪಾತ್ರೆ ತೊಳೆದಿಟ್ಟೆ.

ಸಂಜೆ ಅವನಿಗೆ ಬಡಿಸಿದೆ. ಉಂಡ. ನೋವು ಹೋಗಲಿಲ್ಲ; ಈ ಸಲ ನೋಡುತ್ತಿದ್ದುದರಿಂದ ತಿಳಿಯಿತು. ಹಣೆ ಬೆವರುತ್ತಲೇ ಇತ್ತು. ಉಳಿದ ಅನ್ನ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬಾನಿಗೆ ಸುರಿದೆ. ಎಮ್ಮೆ ಮೂತಿ ಇಟ್ಟಿತು. ನಾನು ಪಾತ್ರೆ ಕೊಡವುತ್ತಿದ್ದಂತೆ ಅದು ಎಡ ಹಿಂಗಾಲನ್ನು ನೆಲದಿಂದ ಎತ್ತಿ, ನಡುಗುತ್ತ, ಮೂರು ಕಾಲಿನ ಮೇಲೆ ನಿಂತಿತು. ಮನೆಯೊಳಗೆ ದ್ಯಾಮಣ್ಣ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು.

“ನೋಡು, ನೋಡು,” ಅಂದಳು ಹಾಲಮ್ಮ, ಹುಲ್ಲಿನ ಕಂತೆ ಹಿಡಿದು ಬಂದವಳು. “ದಿನಾ ಇದೇ ಹೊತ್ತಿಗೆ ಶುರು.”

ಅಲ್ಲೇ ನಿಂತೆ. ಉಣಿಸಿದ ಮನೆಗೆ ಎಂದು ಊರು ಹೇಳಿಕೊಂಡು ಬಂದದ್ದು ತಪ್ಪು. ಒಂದೇ ಪಾತ್ರೆಯಲ್ಲಿ ಉಂಡವರಿಗೆ ಎನ್ನಬೇಕಿತ್ತು. ಅಡುಗೆ ಮಾಡಿ, ಬಡಿಸಿ, ತಾನು ಉಣ್ಣದೆ ಇರುವ ಮನೆ ಈ ಊರಿನಲ್ಲಿ ಇದ್ದೇ ಇರಲಿಲ್ಲ. ಹಾಗಾಗಿ ಯಾರಿಗೂ ವ್ಯತ್ಯಾಸ ತಿಳಿದಿರಲಿಲ್ಲ. ಪತ್ರ ಬಂದ ದಿನದಿಂದ ನಾನು ಅನ್ನ ಉಂಡಿರಲಿಲ್ಲ. ಹಸಿವಾದಾಗ ಒಂದು ಹಿಡಿ ಅವಲಕ್ಕಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ನಿಂತೇ ತಿನ್ನುತ್ತಿದ್ದೆ. ವ್ರತವಲ್ಲ. ತಟ್ಟೆ ಹಾಕಿಕೊಂಡು ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಅದನ್ನು ನಾನೇ ಗಮನಿಸಿರಲಿಲ್ಲ.

ಸುಮ್ಮನಿರಬಹುದಿತ್ತು. ಬೆಳಿಗ್ಗೆಯ ಅನ್ನವನ್ನೂ ಬಾನಿಗೆ ಸುರಿದಿದ್ದರೆ ದ್ಯಾಮಣ್ಣ ಹಗಲೂ ಮಲಗುತ್ತಿದ್ದ. ಎಮ್ಮೆ ಬಾಯಿ ಬಿಡುವುದಿಲ್ಲ. ನನ್ನನ್ನು ಸಭೆ ಆರಿಸಿದ್ದೂ ಅದೇ ಗುಣಕ್ಕೆ ಎಂದು ಆಗ ಹೊಳೆಯಿತು. ಹಾಲಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಹುಲ್ಲು ಕೆಳಗೆ ಹಾಕಿದಳು. “ನನ್ನ ಎಮ್ಮೆಗಾ?” ಅಂದಳು. “ಲೇ ಅಂಬುಜಾ, ನನ್ನ ಎಮ್ಮೆಗಾ?” ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಕತ್ತಲಾಗುವ ಮೊದಲೇ ಎರಡು ಬೀದಿಗೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಸಭೆ. ಕರಾರು ಮುರಿದಿದೆ ಎಂದರು ರಾಚೋಟಪ್ಪ. ನೋವು ಹೊರುತ್ತೇನೆಂದವಳು ಹೊತ್ತಿಲ್ಲ, ನೋವು ಹೋಗಿದೆ ಎಂದವನು ಸುಳ್ಳು ಹೇಳಿದ್ದಾನೆ. ಚನ್ನವೀರಪ್ಪ ಅದನ್ನು ಅಲ್ಲಗಳೆಯಲಿಲ್ಲ. ಮತ್ತೆ ಸರದಿ ಎಂದರೆ ಮತ್ತೆ ಯಾವ ಬೀದಿ ಎಂಬ ಮಾತು. ಅದು ಯಾರಿಗೂ ಬೇಕಿರಲಿಲ್ಲ. ಮಧ್ಯಾಹ್ನ ಗಾಡಿ ಕಟ್ಟುವುದು ಎಂದಾಯಿತು. ಈ ಸಲ ಅದನ್ನು ಹೇಳಲು ಯಾರೂ ಯಾರನ್ನೂ ಕಾಯಲಿಲ್ಲ.

“ನಾನು ಇವತ್ತು ಉಣ್ಣುತ್ತೇನೆ,” ಅಂದೆ.

ಚನ್ನವೀರಪ್ಪ ನನ್ನನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಮಗಳೇ, ಎಂಟು ಜನ ಹಂಚಿಕೊಂಡದ್ದೇ ನಮ್ಮ ಮನೇಲಿ ತಡೆಯೋಕಾಗಲಿಲ್ಲ. ನೀನೊಬ್ಬಳು. ಪೂರ್ತಿ ನಿನ್ನ ಮೇಲೇ ಬೀಳುತ್ತೆ. ನಾಳೆ ನೀನೇ ಮಲಗಿದರೆ ನಿನಗೆ ಯಾರು ಉಣಿಸಬೇಕು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದರೆ?”

“ಗೊತ್ತಿಲ್ಲ ಯಜಮಾನರೇ. ಗಾಡಿ ಬರಲಿ. ಊಟ ಆಗುವವರೆಗೆ ನಿಲ್ಲಲಿ.”

ಅಷ್ಟಕ್ಕೆ ಒಪ್ಪಿದರು. ಹೋಗುವವನನ್ನು ಊಟವಿಲ್ಲದೆ ಕಳಿಸಿದರು ಎಂಬ ಮಾತು ಯಾವ ಬೀದಿಗೂ ಬೇಡವಾಗಿತ್ತು.

ಮನೆಗೆ ಬಂದು ಒಲೆ ಹಚ್ಚಿದೆ. ಅಕ್ಕಿ ತೊಳೆಯುವಾಗ ಎಷ್ಟು ಜನಕ್ಕೆ ಎಂದು ತಿಳಿಯದೆ ದೊಡ್ಡ ಪಾತ್ರೆಯನ್ನೇ ಇಟ್ಟೆ. ದ್ಯಾಮಣ್ಣ ತನ್ನ ಗಂಟು ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದ. ಎಮ್ಮೆಗೆ ಬಿಡುವಾಗಲಿ ಎಂದು ಬೆಳಿಗ್ಗೆಯೇ ಒಂದು ತುತ್ತು ತಿಂದಿದ್ದ; ಮುಖ ಬೂದಿಯ ಬಣ್ಣಕ್ಕಿತ್ತು.

“ಬೇಡ ಅಮ್ಮಾ,” ಅಂದ. “ನಾನು ನೋಡಿದೀನಿ. ಇದು ನಿಮ್ಮಂಥೋರು ತಡೆಯೋದಲ್ಲ.”

“ನೀವು ಉಣ್ಣಿ.”

ಅವನಿಗೆ ಬಡಿಸಿದೆ. ಅವನು ಮೊದಲ ತುತ್ತು ನುಂಗುವವರೆಗೆ ನೋಡಿದೆ. ಆಮೇಲೆ ಅದೇ ಪಾತ್ರೆಯಿಂದ ನನ್ನ ತಟ್ಟೆಗೆ ಹಾಕಿಕೊಂಡು, ಅವನ ಎದುರಿಗೆ ನೆಲದ ಮೇಲೆ ಕೂತೆ. ಅನ್ನ ಬಾಯಿಗೆ ಇಟ್ಟೆ. ಬಿಸಿ ಇತ್ತು. ಬಿಸಿ ಎಂದು ಗೊತ್ತಾಯಿತು.

ಬಂತು. ಬರುವ ದಾರಿಯೇ ಕಾಣಲಿಲ್ಲ, ಒಂದು ಕ್ಷಣ ಇರಲಿಲ್ಲ, ಮರುಕ್ಷಣ ಇತ್ತು. ಎಡ ಸೊಂಟದ ಒಳಗೆ, ಎಲುಬಿನ ಮೇಲೆ ಕಾದ ಉಳಿಯನ್ನು ಇಟ್ಟು ಯಾರೋ ಸಾವಕಾಶವಾಗಿ ತಿರುವಿದ ಹಾಗೆ. ತಟ್ಟೆ ಉರುಳಿತು. ನಾನು ಕೂಗಿದೆ. ಎಷ್ಟು ಜೋರಾಗಿ ಎಂದು ನನಗೆ ತಿಳಿಯದು. ಬೀದಿಯಲ್ಲಿ ನಿಂತಿದ್ದ ಗಾಡಿಯ ಎತ್ತುಗಳು ಬೆದರಿದವು ಎಂದು ಆಮೇಲೆ ಹೇಳಿದರು. ಕೂಗಿ ಉಸಿರು ತೆಗೆದುಕೊಂಡು ಮತ್ತೆ ಕೂಗಿದೆ. ಕಚ್ಚಿಕೊಳ್ಳಲು ಬಟ್ಟೆ ಹುಡುಕಲಿಲ್ಲ.

ಬಾಗಿಲಲ್ಲಿ ಜನ ತುಂಬಿದರು. ಇಬ್ಬರು ಯಜಮಾನರೂ ಇದ್ದರು. ನಾನು ಕೂಗುವುದನ್ನು ಈ ಊರು ಕೇಳಿರಲಿಲ್ಲ. ಯಾರೂ ಹೊಸ್ತಿಲು ದಾಟಲಿಲ್ಲ. ದ್ಯಾಮಣ್ಣ ಗೋಡೆಗೆ ಒರಗಿದಲ್ಲೇ, ಕೈಯಲ್ಲಿ ತುತ್ತು ಹಿಡಿದುಕೊಂಡೇ, ಕಣ್ಣು ಮುಚ್ಚಿದ್ದ. ಹಗಲು ಹೊತ್ತು ಅವನು ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ.

ಜನರನ್ನು ಸರಿಸಿಕೊಂಡು ಹಾಲಮ್ಮ ಬಂದಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು.

“ಎಲ್ಲೇ?” ಅಂದಳು.

ನಾನು ಕೈಯಿಂದ ತೋರಿಸಿದೆ.

“ನನ್ನ ಎಮ್ಮೆ ಹದಿನೆಂಟು ದಿನ ತಡೀತು,” ಅಂದಳು, ಯಾರಿಗೆಂದಿಲ್ಲದೆ. ಬೈಯುತ್ತಿದ್ದಾಳೆ ಎಂದುಕೊಂಡೆ. ಅವಳು ಕೊಡದ ನೀರಲ್ಲಿ ಕೈ ತೊಳೆದು, ಗೂಡಿನಿಂದ ತಾನೇ ಒಂದು ತಟ್ಟೆ ಎತ್ತಿಕೊಂಡು, ನನ್ನ ಪಕ್ಕ ಕೂತು, ಪಾತ್ರೆಗೆ ಸೌಟು ಹಾಕಿದಳು.

“ಅವ್ವಾ, ನೀನು ಏಳು. ನಾನು ಉಣ್ತೀನಿ,” ಎಂದ ಮರುಳಪ್ಪ, ಹೊಸ್ತಿಲಿಂದ. ಗಾಣದ ಎಣ್ಣೆ ಮೆತ್ತಿದ ಕೈ ಹಾಗೇ ಇತ್ತು.

“ಬೇಡ, ನೀನು ಹೋಗು.”

“ದಂಡಿಗೆ ಹೋಗಬೇಕಾಗಿದ್ದವನೂ ನಾನೇ ಅವ್ವಾ. ಆಗಲೂ ನೀನೇ ತಡೆದೆ.”

ಹಾಲಮ್ಮ ತನ್ನ ತಟ್ಟೆಗೆ ಬಡಿಸಿಕೊಂಡಳು. ಉಂಡಳು. ಮುಖ ಹಿಂಡಿಕೊಂಡಿತು, ಕೈ ನೆಲಕ್ಕೆ ಊರಿದಳು. ಕೂಗಲಿಲ್ಲ. ಮರುಳಪ್ಪ ಒಳಗೆ ಬಂದು, ತಟ್ಟೆಯನ್ನೂ ಹುಡುಕದೆ, ಅಂಗೈ ಚಾಚಿದ. ಅವಳು ಸ್ವಲ್ಪ ಹೊತ್ತು ಆ ಅಂಗೈಯನ್ನೇ ನೋಡಿದಳು. ಆಮೇಲೆ ಒಂದು ತುತ್ತು ಕಲಸಿ ಇಟ್ಟಳು.

ಉಳಿ ತಿರುಗುವುದು ನಿಂತಿತು. ಕಾವು ಉಳಿಯಿತು. ನಾನು ಉಸಿರಾಡಬಹುದಿತ್ತು.

ಬಾಗಿಲಲ್ಲಿ ಇಬ್ಬರು ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾತ್ರೆಯಲ್ಲಿ ಅನ್ನ ಇನ್ನೂ ಇತ್ತು. ರಾಚೋಟಪ್ಪ ತಮ್ಮದು ಊಟ ಆಗಿದೆ ಎಂದರು, ಯಾರೂ ಕೇಳದಿದ್ದರೂ. ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದರು. ಚನ್ನವೀರಪ್ಪ ಒಳಗೆ ಬರಲಿಲ್ಲ. ಅಲ್ಲೇ ನಿಂತು ಹಿಂದಕ್ಕೆ ತಿರುಗಿ, “ಎತ್ತು ಬಿಚ್ಚೋ,” ಎಂದು ಗಾಡಿಯವನಿಗೆ ಹೇಳಿದರು. ನಾಳೆ ಯಾರು ಎಂದು ಯಾರೋ ಕೇಳಿದರು. “ನಾಳೆ ನಮ್ಮ ಮನೆ,” ಅಂದರು. ಬೀದಿಯ ಹೆಸರು ಹೇಳಲಿಲ್ಲ.

ಮೂರು ಪಾಲಿನಲ್ಲಿ ಒಂದು ನನ್ನದು. ಅದು ಎಲ್ಲಿದೆ ಎಂದು ಗೊತ್ತಿತ್ತು. ಅಲ್ಲಿ ಕೈ ಇಟ್ಟುಕೊಂಡೆ. ಆಗ ಅಳು ಬಂತು. ಮೊದಲು ಸೊಂಟದ ನೋವಿಗೆ ಎಂದುಕೊಂಡೆ. ಆದರೆ ಅದು ಆ ನೋವಿಗಿಂತ ಬಹಳ ದೊಡ್ಡದಾಗಿತ್ತು, ನಿಲ್ಲುವಂತೆ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನ, ಅಂದೆ. ಮತ್ತೆ ಮತ್ತೆ ಅದನ್ನೇ ಅಂದೆನಂತೆ. ಹಾಲಮ್ಮ ಏನು ಎಂದು ಕೇಳಲಿಲ್ಲ. ಉರುಳಿದ ತಟ್ಟೆಯನ್ನು ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ಅನ್ನ ಹಾಕಿ, ಮೇಲೆ ಒಂದು ಸೌಟು ಸಾರು ಬಿಟ್ಟು ನನ್ನ ಮುಂದಿಟ್ಟಳು.

“ಅಳ್ತಾ ಅಳ್ತಾನೇ ಉಣ್ಣು,” ಅಂದಳು. “ಆರಿಹೋಗುತ್ತೆ.”